ಕರಡಿಯ ಹೊಟ್ಟೆ

ಕರಡಿ ಒಂದು ಹೆಜ್ಜೆ ಮುಂದಿಟ್ಟರೆ ನಾಲ್ಕು ವರ್ಷದ ಮಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅವಳ ಬೆನ್ನ ಹಿಂದೆಯೇ ಪಾರ್ಕಿನ ಪುಟಾಣಿ ರೈಲಿನ ಹಳಿ; ತಿರುವಿನಲ್ಲಿ ಸೀಟಿ ಕೇಳಿಸಿತು. ಅವಳಮ್ಮ ಇನ್ನೂ ಗೊಂಬೆ ಅಂಗಡಿಯೊಳಗಿದ್ದಳು.

ವೇಷದೊಳಗಿದ್ದ ಅಪ್ಪನ ಜೀವ ಬಾಯಿಗೆ ಬಂತು. ಹುಟ್ಟುಹಬ್ಬದ ಉಡುಗೊರೆಯೆಂದು ಪಾರ್ಕಿನ ಟಿಕೆಟ್ ತಂದುಕೊಟ್ಟವನೇ ಅವನು. ಕರಡಿಯೊಳಗೆ ತಾನಿರುತ್ತೇನೆಂದು ಮಾತ್ರ ಹೇಳಿರಲಿಲ್ಲ. ವೇಷದಲ್ಲಿ ಮಾತಾಡಬಾರದೆಂಬ ಕೆಲಸದ ನಿಯಮ ಮುರಿದು, "ನಿಂತ್ಕೋ ಪುಟ್ಟಿ, ನಾನು ಕಣೇ," ಎಂದ. ದಪ್ಪ ಸ್ಪಂಜಿನ ತಲೆಯೊಳಗಿಂದ ಅದು ಗುರುಗುಟ್ಟಿದಂತೆ ಕೇಳಿಸಿತು. ಅವಳ ಹಿಮ್ಮಡಿ ಹಳಿಗೆ ತಾಗಿತು.

ಅವನು ಕರಡಿಯ ತಲೆಯನ್ನೇ ಕಿತ್ತೆಸೆದ.

ಕರಡಿಯ ಕತ್ತಿನಿಂದ ಅಪ್ಪನ ಬೆವೆತ ಮುಖ ಹೊರಬಂದದ್ದು ಕಂಡು ಅವಳು ಗಕ್ಕನೆ ನಿಂತಳು. ಮರುಕ್ಷಣವೇ ಅಳುತ್ತ ಓಡಿಬಂದು, ಆ ದೊಡ್ಡ ಹೊಟ್ಟೆಗೆ ಎರಡೂ ಮುಷ್ಟಿಯಿಂದ ಗುದ್ದತೊಡಗಿದಳು.

"ಬಿಡು, ನಮ್ಮಪ್ಪನ್ನ ಬಿಡು."