ಹುಳುಕು ಅಲಸಂದಿ

ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಮ್ಮಗಳು ಅರ್ಶಿಯಾಳ ರಟ್ಟೆ ಹಿಡಿದು ಕುಲಸುಂಬಿ ಐಗಳಿ ಊರಿನ ಅಂಗನವಾಡಿ ಬಾಗಿಲಲ್ಲಿ ನಿಂತಿದ್ದಳು. ಅನ್ನ ಸಾರು ಡಬ್ಬಿಗೆ ಹಾಕಿಸಿಕೊಂಡು ಕೂಸಿನ ಜೊತೆ ಮನೆಗೆ ಹೋಗಿಬಿಡುವುದು ಅವಳ ದಿನದ ರೂಢಿ. ಓಣಿಯ ಬಹಳಷ್ಟು ಮಂದಿಯದೂ ಅದೇ ರೂಢಿ.

“ಆಯಿ, ಇವತ್ತರೆ ಅರ್ಶಿಯಾನ ಬಿಟ್ಟು ಹೋಗ್ರಿ,” ಎಂದಳು ಟೀಚರ್ ಸ್ನೇಹಲ.

“ಬಿಟ್ರ ಏನ ಕಲಿಸ್ತೀರಿ, ಅಕ್ಕಾರ? ಬರೇ ಕಾಳು ಆಡಸ್ತೀರಿ. ಆಡಾಕ ಮನಿ ಅಂಗಳಾ ಇಲ್ಲೇನ? ಆರು ತುಂಬಲಿ, ಸಾಲಿಗೆ ಹಚ್ಚತೀವಿ.”

ಒಳಗೆ ನಾಲ್ಕೈದು ಮಕ್ಕಳು ಕಡಲೆ, ಹೆಸರು, ಅಲಸಂದಿ ಬೆರೆಸಿದ ರಾಶಿಯ ಸುತ್ತ ಕೂತು ಒಂದೊಂದೇ ಕಾಳು ಆರಿಸಿ ಬೇರೆ ಬೇರೆ ಬಟ್ಟಲಿಗೆ ಹಾಕುತ್ತಿದ್ದವು. ಮೂಗು ಸುರಿಸುತ್ತಿದ್ದ ಒಂದು ಕೂಸು ತೂತುಬಿದ್ದ ಅಲಸಂದಿಯನ್ನು ಒಳ್ಳೆಯ ಕಾಳಿನ ಬಟ್ಟಲಿಗೆ ಎಸೆಯಿತು. ಇಪ್ಪತ್ತು ವರ್ಷ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಸಿರು, ಹಳದಿ, ಕರಿ ಎಂದು ಆರಿಸಿ ಪಳಗಿದ ಕುಲಸುಂಬಿಗೆ ಅದನ್ನು ಕಂಡು ತಡೆಯಲಾಗಲಿಲ್ಲ.

“ಏ, ಏ! ಹುಳುಕು ತಗೊಂಡು ಒಳ್ಳೇದರಾಗ ಹಾಕ್ತಾರೇನ?” ಡಬ್ಬಿ ಕೆಳಗಿಟ್ಟು, ಅರ್ಶಿಯಾಳ ರಟ್ಟೆ ಬಿಟ್ಟು, ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. “ಮೊದಲ ಬಣ್ಣಾ ನೋಡ್ರಿ. ಆಮ್ಯಾಲ ದಪ್ಪಾ, ಸಣ್ಣದು. ಕಡೀಕ ಬೆರಳಿಲೆ ಮುಟ್ಟಿ ನೋಡ್ರಿ.” ಪುಟ್ಟ ಬೆರಳುಗಳೆಲ್ಲ ಕಾಳು ಮುಟ್ಟಿ ನೋಡತೊಡಗಿದವು. ಅರ್ಶಿಯಾ ಎಲ್ಲರಿಗಿಂತ ಮುಂದೆ. ಸ್ನೇಹಲ ನಗು ನುಂಗಿಕೊಂಡು ಇನ್ನೊಂದು ಮೊರ ಕಾಳು ತಂದಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಮಗ ಅಮೀರ ಹುಡುಕಿಕೊಂಡು ಬಂದ. “ಅಮ್ಮಾ, ಊಟಾ ತರಾಕ ಬಂದಾಕಿ ಇಲ್ಲೇ ಕುಂತಿಯಲ್ಲಾ! ನಡೀ ಮನಿಗೆ.”

ಕುಲಸುಂಬಿ ತಲೆ ಎತ್ತಲಿಲ್ಲ.

“ತಡಿಯೋ, ಸಾಲಿ ಇನ್ನಾ ಬಿಟ್ಟಿಲ್ಲ.”