ಹಿಂದಿನ ಸೀಟಿನ ಕೆಳಗೆ

ಕೇಬಲ್ಲಿಗೆ ನಾನೂರಿಪ್ಪತ್ತು ರೂಪಾಯಿ, ಫ್ಯೂಸು-ಕ್ಲಾಂಪಿಗೆ ಅರವತ್ತು, ಮೆಕ್ಯಾನಿಕ್ ರಾಜೀವನ ಒಂದು ಇಡೀ ರವಿವಾರ. ಜೀಪಿನ ಡ್ಯಾಶ್‌ಬೋರ್ಡಿಗೆ ನೇತುಬಿದ್ದಿದ್ದ ಹಳೆಯ ವೈರ್‌ಲೆಸ್ ಸೆಟ್ಟನ್ನು ಎರಡು ಮಾಡಿ, ಗುಂಡಿಗಳಿದ್ದ ಮುಖವನ್ನಷ್ಟೇ ಮುಂದೆ ಉಳಿಸಿ, ಭಾರದ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಕೆಳಗೆ ಕೂರಿಸಲು ತಗಲಿದ್ದು ಇಷ್ಟು. ಅದು ಮುಂದಿದ್ದಾಗ, ಕ್ಲಚ್ ಒತ್ತಿ ಬಿಟ್ಟಾಗಲೆಲ್ಲ ಪೆಟ್ಟಿಗೆಯ ಮೂಲೆ ತಾಗಿ ಡ್ರೈವರ್ ದೇವನ ಮೊಣಕಾಲಿನ ಚರ್ಮ ಕಿತ್ತುಹೋಗುತ್ತಿತ್ತು. ಅದಕ್ಕೇ ಅವನು ಹಟ ಹಿಡಿದು ಇದನ್ನು ಮಾಡಿಸಿಕೊಂಡಿದ್ದ.

ಅದಾದ ಮೇಲೆ ಸೆಟ್ಟು ಸತ್ತದ್ದು ಇದು ಮೂರನೇ ಸಲ. ನಿನ್ನೆ ರೈಲು ಮಾರ್ಗಕ್ಕಾಗಿ ಗುಡ್ಡ ಸಿಡಿಸುವ ಮೊದಲು "ಜೀಪು ನಿಲ್ಲಿಸು" ಎಂದು ವೈರ್‌ಲೆಸ್ಸಿನಲ್ಲಿ ಕ್ಯಾಂಪಿನವರು ಕೂಗಿದ್ದು ದೇವನಿಗೆ ಕೇಳಿಸಲೇ ಇಲ್ಲ. ತೆಂಗಿನಕಾಯಿ ಗಾತ್ರದ ಕಲ್ಲು ಬಾನೆಟ್ಟಿನ ಮೇಲೆ ಬಿದ್ದಿತ್ತು. ಇನ್ನೊಮ್ಮೆ ಹೀಗಾದರೆ ಸೆಟ್ಟನ್ನಲ್ಲ, ಡ್ರೈವರನ್ನೇ ಬದಲಿಸುತ್ತೇನೆ ಎಂದಿದ್ದ ಕಂಟ್ರಾಕ್ಟರ್.

ಕಾರವಾರದಿಂದ ಬೇಲೇಕೇರಿಯ ಕ್ಯಾಂಪಿನವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದ ರಾಜೀವ ಸಿಡಿಮಿಡಿಯಿಂದ ಸೀಟು ಎತ್ತಿದ.

"ನೀರು ಹಾಕಿ ತೊಳದ್ಯಾ?"

"ದೇವರಾಣೆ ಇಲ್ಲ. ನಿಮ್ಮ ಕೇಬಲ್ಲೇ ಸಮ ಇಲ್ಲ ಕಾಣ್ತದೆ."

"ಹೌದೋ ಮಾರಾಯಾ, ಕೇಬಲ್ಲೇ! ನಂಗೆ ಬೇರೆ ಉದ್ಯೋಗ ಇಲ್ಲ ನೋಡು."

ಪೆಟ್ಟಿಗೆ ಬಿಚ್ಚಿದ. ತಾಮ್ರದ ತಂತಿಗಳೆಲ್ಲ ಹಸಿರುಗಟ್ಟಿದ್ದವು. ಬೆರಳಿಗೆ ಅಂಟಿದ್ದನ್ನು ಬಿಸಿಲಿಗೆ ಹಿಡಿದ. ಮೀನಿನ ಹುರುಪೆ.

"ಕೇಬಲ್ಲಿಗೆ ಹುರುಪೆ ಬರ್ತದ್ಯಾ ದೇವಾ?"

ದೇವ ಬಾನೆಟ್ಟಿನ ತಗ್ಗನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಅವನ ಅತ್ತೆ ಬೀರಿ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. "ಅಳಿಯಾ, ಹೊರಡೂದು ಯಾವಾಗ? ತಾರ್ಲೆ ಮೀನು ಮೆತ್ತಗಾಗ್ತದೆ!" ಅಂಕೋಲೆ ಪೇಟೆಗೆ ದಿನವೂ ಅವಳು ಕಂಟ್ರಾಕ್ಟರಿಗೆ ಗೊತ್ತಿಲ್ಲದೆ ಮೀನು ಒಯ್ಯುತ್ತಿದ್ದದ್ದು ಆ ಹಿಂದಿನ ಸೀಟಿನಲ್ಲೇ. ಬುಟ್ಟಿಯ ಉಪ್ಪುನೀರು ಸೀದಾ ಪೆಟ್ಟಿಗೆಯ ಮೇಲೆ ಇಳಿಯುತ್ತಿತ್ತು.

"ಬಸ್ಸಿಗೆ ಹೋಗೂಕೆ ಎಂತ ಅಡ್ಡಿ?" ಎಂದ ರಾಜೀವ.

"ಬಸ್ಸಿನಂವಗೆ ಮೀನು ತಿನ್ನೂಕೆ ಬೇಕು, ಹತ್ತಿಸ್ಕಳೂಕೆ ಬೇಡ!"

"ನಿನ್ನೆ ಕಲ್ಲು ಬಿದ್ದಾಗ ನೀನೂ ಜೀಪಲ್ಲಿದ್ಯಾ?"

"ಇದ್ದೆ. ಪುಣ್ಯಕ್ಕೆ ಬುಟ್ಟಿಗೆ ಬೀಳಲಿಲ್ಲ."

"ಬುಟ್ಟಿ ನೀರು ಕುಡಿದೇ ಈ ಸೆಟ್ಟು ಸತ್ತದ್ದು. ಇಲ್ಲದಿದ್ರೆ 'ನಿಲ್ಲಿಸು' ಅಂದದ್ದು ಇವಂಗೆ ಕೇಳ್ತಿತ್ತು."

ಬೀರಿ ಬುಟ್ಟಿ ಇಳಿಸಿದಳು. ತೆರೆದ ಪೆಟ್ಟಿಗೆ ನೋಡಿದಳು, ಬಾನೆಟ್ಟು ನೋಡಿದಳು, ಕೊನೆಗೆ ಅಳಿಯನ ಮೊಣಕಾಲು ನೋಡಿದಳು.

"ಹಂಗಾರೆ ಪೆಟ್ಟಿಗಿ ಮೊದ್ಲಿದ್ದಲ್ಲೇ ಇರ್ಲಿ. ಕಾಲಿಗೆ ಎಣ್ಣೆ ಹಚ್ಚಿದ್ರಾಯ್ತು."

"ಕಂಟ್ರಾಕ್ಟರಿಗೆ ಎಂತ ಹೇಳೂದು?" ಎಂದ ದೇವ, ಅಳುವ ಮುಖ ಮಾಡಿ.

"ಸೀಟಿನಡಿಗೆ ಸೆಟ್ಟಿಗೆ ಗಾಳಿ ಸಾಲೂದಿಲ್ಲ ಅಂತ ನಾ ಹೇಳ್ತೆ. ಈಗ ಆ ಸ್ಪಾನರ್ ಕೊಡು," ಎಂದ ರಾಜೀವ.

ಸಂಜೆಯೊಳಗೆ ಸೆಟ್ಟು ತೊಳೆಸಿಕೊಂಡು ಒಣಗಿ, ಮತ್ತೆ ಒಂದಾಗಿ ಡ್ಯಾಶ್‌ಬೋರ್ಡಿಗೆ ನೇತುಬಿತ್ತು. ದೇವನ ಕೆಲಸ ಉಳಿಯಿತು, ಬೀರಿಯ ಸವಾರಿಯೂ ಉಳಿಯಿತು. ಹೋದದ್ದು ದೇವನ ಮೊಣಕಾಲಿನ ಚರ್ಮ, ಮೊದಲಿನ ಜಾಗದಲ್ಲೇ.