ಎರಡು ತಲೆಗಳ ಒಪ್ಪಿಗೆ

ವಿವಾಹ ಪತ್ರದ ಮೇಲಿನ ರಾಜ್ಯಲಾಂಛನದಲ್ಲಿರುವ ಗಂಡಭೇರುಂಡದ ಎರಡೂ ತಲೆಗಳು ಹೂಂ ಅಂದರಷ್ಟೇ ಮದುವೆ ಊರ್ಜಿತ. ಮೈಸೂರಿನ ಸುಗುಣಳ ಪತ್ರಕ್ಕೆ ಎಡತಲೆ ಹೂಂ ಎಂದಿತು. ಬಲತಲೆ ಮುಖ ತಿರುಗಿಸಿತು.

"ಕ್ಯೂನಲ್ಲಿ ಜಗಳ ಆಡಿದ್ರಾ? ಹಕ್ಕಿಗೆ ಎಲ್ಲಾ ಕೇಳ್ಸತ್ತೆ," ಎಂದರು ನೋಂದಣಿ ಕಚೇರಿಯ ಗುಮಾಸ್ತೆ ಪಂಕಜಮ್ಮ. "ಈಗ ಒಪ್ಪದಿದ್ರೆ ಒಂದು ವರ್ಷ ಬರೋಹಾಗಿಲ್ಲ."

"ಇಕಿ ಸಾರಿಗೆ ಬೆಲ್ಲ ಹಾಕ್ತಾಳ್ರಿ! ಅದು ಸಾರಲ್ಲ, ಪಾಯಸ ಐತ್ರಿ," ಎಂದ ಹುಬ್ಬಳ್ಳಿಯ ವರ ಈರಣ್ಣ.

ಸುಗುಣ ಬಗ್ಗಿ ನೇರ ಹಕ್ಕಿಯನ್ನೇ ಕೇಳಿದಳು: "ನೀವಿಬ್ರೂ ಹುಟ್ಟಿದಾಗಿಂದ ಆ ಕಡೆ ಒಬ್ರು, ಈ ಕಡೆ ಒಬ್ರು ಮುಖ ಮಾಡ್ಕೊಂಡಿದೀರ. ಬೇರೆ ಮನೆ ಮಾಡಿದ್ರಾ?"

ಬಲತಲೆ ನಿಧಾನವಾಗಿ ಕತ್ತು ಹೊರಳಿಸಿ ಎಡತಲೆಯನ್ನು ನೋಡಿತು.

"ಹೆಂಗ್ ಮಾಡ್ಲಿ? ಒಂದು ರೆಕ್ಕೆ ಇವನ ಹತ್ರ ಇದೆ," ಎಂದು ಗೊಣಗಿ, ಹೂಂ ಎಂದಿತು.